ಬಾಯಿಸಾಕ್ಷಿ

ನಿಘಂಟು ಕಚೇರಿಯಲ್ಲಿ ಅವಳ ಹೆಸರು ಕೊಡಲಿ. ಎದುರಿಗೆ ಮೇಡಂ, ಬೆನ್ನು ತಿರುಗಿಸಿದರೆ ಕೊಡಲಿ. ಅದು ಅವಳಿಗೂ ಗೊತ್ತಿತ್ತು. ಬೇಸರ ಮಾಡಿಕೊಳ್ಳುವುದಿರಲಿ, ಒಳಗೊಳಗೇ ಬೀಗುತ್ತಿದ್ದಳು. ಆ ಮೇಜಿಗೆ ಮೆತ್ತನೆಯ ಮನುಷ್ಯರು ಯಾರಾದರೂ ಬಂದು ಕೂತಿದ್ದರೆ ಇಡೀ ನಿಘಂಟು ಕಲಸುಮೇಲೋಗರವಾಗಿ ಹೋಗುತ್ತಿತ್ತು ಎನ್ನುವುದು ಅವಳ ನಂಬಿಕೆ. ಅದರಲ್ಲಿ ತಪ್ಪೂ ಇರಲಿಲ್ಲ.

ಹಲವು ಭಾಷೆಗಳ ಪದಗಳನ್ನೆಲ್ಲ ಒಂದೇ ಲಿಪಿಯಲ್ಲಿ ಬರೆದು ಒಟ್ಟುಮಾಡಿ ಒಂದೇ ನಿಘಂಟು ತರುವುದು ಆ ಕಚೇರಿಯ ಕೆಲಸ. ಒಂದೇ ಥರ ಬರೆದ ಪದಗಳು ಬೇರೆ ಬೇರೆ ಭಾಷೆಯಿಂದ ಬಂದು ಒಂದೇ ಗೂಡಿಗೆ ಬೀಳುತ್ತಿದ್ದವು. ಅವುಗಳಲ್ಲಿ ನೆಂಟರು ಯಾರು, ನೆಂಟರಂತೆ ವೇಷ ಹಾಕಿಕೊಂಡು ಬಂದವರು ಯಾರು ಎಂದು ನೋಡಿ ಬೇರ್ಪಡಿಸುವುದು ಅವಳ ಮೇಜಿನ ಪಾಲು. ಊರು ಎಂದರೆ ನಮಗೆ ಹುಟ್ಟಿ ಬೆಳೆದ ಜಾಗ; ಪುರಾತನ ಭಾಷೆಯೊಂದರಲ್ಲಿ ಅದು ತೊಡೆ. ಪಾಪ ಎಂದರೆ ನಮ್ಮಲ್ಲಿ ಮಾಡಬಾರದ ಕೆಲಸ. ಪಕ್ಕದ ಭಾಷೆಯವರ ಮನೆಯಲ್ಲಿ ಹಾಲುಗಲ್ಲದ ಹೆಣ್ಣುಮಗು. ಇಂಥವು ಕೈಗೆ ಸಿಕ್ಕರೆ ಅವಳು ಹಿಂದೆಮುಂದೆ ನೋಡದೆ ಸೀಳಿ ಎರಡು ನಮೂದು ಮಾಡುತ್ತಿದ್ದಳು. ರಾಗ, ಅವಸರ ಇಂಥವುಗಳ ಕಥೆ ಬೇರೆ. ರಾಗ ನಮ್ಮಲ್ಲಿ ಹಾಡಿನದು, ಇನ್ನೊಂದು ಭಾಷೆಯಲ್ಲಿ ಸಿಟ್ಟು. ಅವಸರ ನಮಗೆ ತರಾತುರಿ, ಒಂದು ಕಡೆ ಅಗತ್ಯ, ಮತ್ತೊಂದು ಕಡೆ ಅವಕಾಶ. ಒಂದೇ ಬೇರಿನಿಂದ ಹೊರಟು ದಾರಿಯಲ್ಲಿ ಬುದ್ಧಿ ಬದಲಿಸಿಕೊಂಡ ಪದಗಳು ಅವು. ಒಂದೇ ಸೂರಿನಡಿ ಕಿತ್ತಾಡಿಕೊಂಡಿರಲಿ ಎಂದು ಅವನ್ನು ಒಂದೇ ನಮೂದಿನಲ್ಲಿ ಬಿಡುತ್ತಿದ್ದಳು.

“ಬೇರು ಒಂದಾಗಿದ್ರೆ ಎಷ್ಟು ಜಗಳ ಆಡಿದ್ರೂ ಒಂದೇ ಮನೆ. ಬೇರು ಬೇರೆ ಆಗಿದ್ರೆ ಮುಖ ಒಂದೇ ಥರ ಇದೆ ಅಂತ ಒಳಗೆ ಬಿಟ್ಕೊಳ್ಳಲ್ಲ” ಎಂದು ಹೊಸದಾಗಿ ಸೇರಿದವರಿಗೆಲ್ಲ ಹೇಳುತ್ತಿದ್ದಳು. ಕೇಳಿದವರು ಪದಗಳ ಬಗ್ಗೆ ಹೇಳುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು.

ಸೀಳುವುದಕ್ಕೆ ಆಧಾರ ಬೇಕಲ್ಲ. ಪುಸ್ತಕವಿರುವ ಭಾಷೆಯಾದರೆ ಪುಸ್ತಕದ ವಾಕ್ಯ ಸಾಕು. ಕಚೇರಿಯ ಗ್ರಂಥಾಲಯದಲ್ಲಿ ಪುಸ್ತಕವಿಲ್ಲದ ಭಾಷೆಯಾದರೆ ಬಾಯಿಸಾಕ್ಷಿ ತರಬೇಕು. ಅಂದರೆ ಆ ಭಾಷೆ ಆಡುವ ಒಬ್ಬ ಮನುಷ್ಯ ಕಚೇರಿಗೆ ಬಂದು, ಮೂವರ ಎದುರು ಆ ಪದವನ್ನು ವಾಕ್ಯದಲ್ಲಿ ಆಡಿ, ಅರ್ಥ ಹೇಳಿ, ಸಹಿ ಹಾಕಬೇಕು. ಸಾಕ್ಷಿ ಹೇಳುವವರು ಮೇಜಿನವರ ಸಂಬಂಧಿ ಆಗಿರಕೂಡದು ಎಂಬ ನಿಯಮವನ್ನು ಹಠ ಹಿಡಿದು ಮಾಡಿಸಿದವಳೂ ಕೊಡಲಿಯೇ. ಒಮ್ಮೆ ಪಕ್ಕದ ಮೇಜಿನವನು ತನ್ನ ಭಾವಮೈದುನನನ್ನು ಕರೆತಂದು ಬೇಕಾದ ಅರ್ಥ ಹೇಳಿಸಿಕೊಂಡಿದ್ದ. ಕೊಡಲಿ ಅವತ್ತು ಕಚೇರಿಯನ್ನೇ ತಲೆಯ ಮೇಲೆ ಹೊತ್ತುಕೊಂಡಿದ್ದಳು. ಭಾವಮೈದುನ ಹಿಂದಿನ ಮೆಟ್ಟಿಲಿಳಿದು ಓಡಿದ, ನಿಯಮ ಮರುದಿನವೇ ಗೋಡೆಗೆ ಹತ್ತಿತು.

ಹೊಸ ಸಂಪಾದಕ ಬಂದ ಮೇಲೆ ಅವಳ ಮೇಜಿನ ಕಾಲು ಅಲುಗಾಡತೊಡಗಿತು. ನುಣ್ಣನೆಯ ಮಾತಿನ ಮನುಷ್ಯ. ಎಲ್ಲರನ್ನೂ ನೋಡಿ ನಗುತ್ತಿದ್ದ, ಅದಕ್ಕೇ ಅವನನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಪುಟ ಉಳಿಸಬೇಕು, ಒಂದೇ ಬರಹಕ್ಕೆ ಒಂದೇ ನಮೂದು ಸಾಕು ಎಂದು ಅವನು ಹೇಳಿದ.

“ಊರು ಅಂತ ಒಂದ್ಸಲ ಬರೆದು, ಅದರ ಕೆಳಗೆ ಹಳ್ಳಿ, ಪಟ್ಟಣ, ತೊಡೆ ಅಂತ ಕೊಟ್ರಾಯ್ತು. ಓದೋರಿಗೂ ಸುಲಭ.”

“ಹಳ್ಳಿ ಪಕ್ಕದಲ್ಲಿ ತೊಡೆ ಇಡ್ತೀರಾ? ನಾಳೆ ನಿಮ್ಮ ಮನೆ ಬಾಗಿಲಲ್ಲಿ ನಿಮ್ಮ ಹೆಸರಿನ ಇನ್ನೊಬ್ಬ ಬಂದು ನಿಂತ್ರೆ ಅವನಿಗೂ ಊಟಕ್ಕೆ ಎಲೆ ಹಾಕ್ತೀರಾ?”

ಸಂಪಾದಕ ನಕ್ಕ. ನಗುತ್ತಲೇ ಅವಳ ಮೇಜಿನ ಹತ್ತಿರ ಬಂದು, ಪದಚೀಟಿಗಳ ಗೂಡನ್ನು ಎಳೆದು, ಒಂದೊಂದೇ ಚೀಟಿ ಮಗುಚಿ ನೋಡಿದ. ಸಾಕ್ಷಿಯ ಸಹಿ ಇಲ್ಲದ ಚೀಟಿ ಒಂದಾದರೂ ಸಿಗುತ್ತದೆ ಎಂದು ಅವನಿಗೆ ಯಾರೋ ಹೇಳಿದ್ದಿರಬೇಕು. ಸಿಕ್ಕಿತು. ಬಲೆ. ಒಂದನೆಯದು ಮೀನು ಹಿಡಿಯುವ ಬಲೆ. ಎರಡನೆಯದರ ಮುಂದೆ ಕೊಡಲಿಯ ಕೈಬರಹದಲ್ಲಿ ‘ಬನ್ನಿ, ಕರೆಯುವ ಮಾತು’ ಎಂದಿತ್ತು. ಪುಸ್ತಕದ ವಾಕ್ಯ ಇರಲಿಲ್ಲ, ಬಾಯಿಸಾಕ್ಷಿಯೂ ಇರಲಿಲ್ಲ.

“ಇದಕ್ಕೆ ಆಧಾರ ಏನು ಮೇಡಂ?”

“ನಂಗೊತ್ತು.”

“ನಿಮಗೆ ಗೊತ್ತು ಅನ್ನೋದು ಆಧಾರ ಆಗುತ್ತೆ ಅಂತ ಯಾವ ಗೋಡೆ ಮೇಲೂ ಬರೆದಿಲ್ವಲ್ಲ.” ಅವನು ಚೀಟಿಯನ್ನು ಜೇಬಿಗೆ ಹಾಕಿಕೊಂಡ. “ಸೋಮವಾರ ಸಭೆ ಇದೆ. ಸಾಕ್ಷಿ ತನ್ನಿ, ನಿಮ್ಮ ಮೇಜು ನಿಮ್ಮದೇ. ತರಲಿಲ್ಲ ಅಂದ್ರೆ ಇದರ ಜೊತೆ ಉಳಿದದ್ದೆಲ್ಲ ಅನುಮಾನದ್ದೇ ಆಯ್ತು. ಎಲ್ಲಾ ಸೇರಿಸಿಬಿಡೋಣ.”

ಕೊಡಲಿ ಅವನು ಎಳೆದಿಟ್ಟ ಗೂಡನ್ನು ಒಳಗೆ ತಳ್ಳಿದಳು. ಅವಳ ಆಯುಷ್ಯದ ಮುಕ್ಕಾಲು ಪಾಲು ಆ ಗೂಡುಗಳಲ್ಲಿತ್ತು. ಮದುವೆ ಮಾಡಿಕೊಂಡಿರಲಿಲ್ಲ, ಗೆಳತಿಯರನ್ನು ಉಳಿಸಿಕೊಂಡಿರಲಿಲ್ಲ. ಬೇರೆ ಮಾಡಿಟ್ಟ ಪದಗಳೇ ಅವಳ ಗಳಿಕೆ. ಅವನ್ನು ಮತ್ತೆ ಒಂದೇ ಮುದ್ದೆ ಮಾಡಿಬಿಟ್ಟರೆ ಅವಳು ಬದುಕಿದ್ದಕ್ಕೆ ಗುರುತೇ ಇರುತ್ತಿರಲಿಲ್ಲ. ಆ ಎರಡನೆಯ ಬಲೆಯ ಭಾಷೆಯನ್ನಾಡುವ ಒಬ್ಬ ಕ್ಷೌರಿಕ ಹಿಂದೆ ಸಾಕ್ಷಿಗೆ ಬರುತ್ತಿದ್ದ, ಅವನು ತೀರಿಕೊಂಡಿದ್ದ. ಇನ್ನೊಂದು ಕುಟುಂಬ ಊರು ಬಿಟ್ಟಿತ್ತು. ಗೊತ್ತಿದ್ದವರಲ್ಲಿ ಉಳಿದವಳು ಒಬ್ಬಳೇ, ಅವಳ ಮನೆಯ ಕೆಳಗಿನ ಮಹಡಿಯಲ್ಲಿ.

ಕೆಳಗಿನವಳು ಎಂದರೆ ಅವಳ ಅಪ್ಪನ ಎರಡನೆಯ ಹೆಂಡತಿ. ಅಪ್ಪ ತಕ್ಕಡಿ, ತೂಕದ ಯಂತ್ರ ರಿಪೇರಿ ಮಾಡುತ್ತಿದ್ದ. ಆಸ್ಪತ್ರೆಯ ಲಾಂಡ್ರಿಯ ತೂಕದ ಯಂತ್ರ ಸರಿಮಾಡಲು ಹೋದವನು, ಅಲ್ಲಿ ಚಾದರ ಒಗೆಯುತ್ತಿದ್ದ ಹೆಂಗಸನ್ನು ಮದುವೆಯಾಗಿ ಬಂದ. ಕೊಡಲಿ ಆಗ ಮೂರನೇ ತರಗತಿಯ ಹುಡುಗಿ, ಅಮ್ಮ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ಹೊಸಬಳು ಹೊಸ್ತಿಲ ಒಳಗೆ ನಿಂತು, ಜಗಲಿಯ ಕಂಬ ಅಪ್ಪಿಕೊಂಡಿದ್ದ ಹುಡುಗಿಯ ಕಡೆ ಕೈ ಚಾಚಿ “ಬಲೆ, ಬಲೆ” ಎಂದಳು. ಅದು ಕರೆಯುವ ಮಾತು ಎಂದು ಅಪ್ಪ ಹೇಳಿದ. ಹುಡುಗಿ ಕಂಬ ಬಿಡಲಿಲ್ಲ.

ಕಂಬವನ್ನು ನಾಲ್ಕು ದಿನಕ್ಕೆ ಬಿಟ್ಟಾಳು ಎಂದು ಅಪ್ಪ ಅಂದುಕೊಂಡಿದ್ದ. ಬಿಡುತ್ತಿದ್ದಳೋ ಏನೋ. ಆದರೆ ಮೊದಲ ವಾರದಲ್ಲೇ ಹೊಸಬಳು ಒಂದು ಕೆಲಸ ಮಾಡಿದಳು. ಮನೆ ಒಪ್ಪ ಮಾಡುತ್ತೇನೆಂದು ಬೀರು ತೆಗೆದು, ಸತ್ತವಳ ಸೀರೆ, ರವಿಕೆ, ಹೊದಿಕೆ ಎಲ್ಲವನ್ನೂ ಸೋಡಾ ಹಾಕಿ ಕುದಿಸಿ, ಒಗೆದು, ಇಸ್ತ್ರಿ ಮಾಡಿ, ಚೌಕ ಚೌಕವಾಗಿ ಮಡಚಿ ಇಟ್ಟಳು. ಹುಡುಗಿ ಶಾಲೆಯಿಂದ ಬಂದು ದಿನಾ ಮಾಡುತ್ತಿದ್ದಂತೆ ಬೀರುವಿನೊಳಗೆ ಮುಖ ಹುದುಗಿಸಿದಳು. ಸೋಪಿನ ವಾಸನೆ ಹೊಡೆಯಿತು. ಅಮ್ಮನ ವಾಸನೆ ಎಲ್ಲೂ ಇರಲಿಲ್ಲ.

ಆ ಹೆಂಗಸು ಬೇಕೆಂದು ಮಾಡಿದ್ದಲ್ಲ ಎಂದು ಅಪ್ಪ ಗಿಣಿಗೆ ಹೇಳಿದಂತೆ ಹೇಳಿದ. ಬೇಕೆಂದೇ ಮಾಡಿದ್ದರೆ ಎಂದಾದರೂ ಕ್ಷಮಿಸಬಹುದಿತ್ತು ಎಂದು ಕೊಡಲಿ ಈಗಲೂ ಯೋಚಿಸುತ್ತಾಳೆ. ತಿಳಿಯದೆ ಮಾಡಿದವರ ಮೇಲಿನ ದ್ವೇಷಕ್ಕೆ ಮುಗಿಯುವ ಜಾಗವೇ ಇರುವುದಿಲ್ಲ. ಅಪ್ಪ ಹೋದ ಮೇಲೆ ಮೇಲಿನ ಮಹಡಿ ಇವಳಿಗೆ, ಕೆಳಗಿನದು ಅವಳಿಗೆ ಆಯಿತು. ಮೆಟ್ಟಿಲು ಹೊರಗಿನಿಂದ ಇತ್ತಾದ್ದರಿಂದ ಮುಖ ನೋಡದೆ ವರ್ಷಗಟ್ಟಲೆ ಕಳೆಯಬಹುದಿತ್ತು. ಮೇಲಿನವಳು ಮನೆ ಒರೆಸಿದ ನೀರನ್ನು ಕೆಳಗಿನವಳ ಒಣಹಾಕಿದ ಬಟ್ಟೆಯ ಮೇಲೇ ಚೆಲ್ಲುತ್ತಿದ್ದಳು. ಕೆಳಗಿನವಳೇನು ಕಡಿಮೆ? ಮೇಲಿನವಳು ಸ್ನಾನಕ್ಕೆ ಕೂರುವ ಹೊತ್ತು ನೋಡಿ ಮೇಲಕ್ಕೆ ಹೋಗುವ ನೀರಿನ ತಿರುಪು ಮುಚ್ಚುತ್ತಿದ್ದಳು.

ಮಾತಾಡಲೇಬೇಕಾಗಿ ಬಂದರೆ ಕೊಡಲಿ ಒಂದು ಉಪಾಯ ಮಾಡಿಕೊಂಡಿದ್ದಳು. ಚಿಕ್ಕಮ್ಮ ಅನ್ನುತ್ತಿರಲಿಲ್ಲ, ನೀನು, ನೀವು ಕೂಡ ಅನ್ನುತ್ತಿರಲಿಲ್ಲ. “ಮೀಟರ್ ನೋಡೋಕೆ ಬಂದಿದ್ದಾರೆ.” “ಗೇಟು ತೆಗೆದೇ ಇದೆ.” “ಔಷಧಿ ಅಂಗಡಿಯವನು ಇದನ್ನ ಕೊಟ್ಟಿದ್ದಾನೆ.” ಯಾರನ್ನೂ ಕರೆಯದೆ ಎಷ್ಟು ವಾಕ್ಯ ಆಡಬಹುದು ಎಂದು ಅವಳನ್ನು ಕೇಳಬೇಕು. ಅಷ್ಟು ವರ್ಷ ಒಂದು ಸಲವೂ ನಾಲಿಗೆ ತಪ್ಪಿರಲಿಲ್ಲ.

ಶನಿವಾರ ಮಧ್ಯಾಹ್ನ ಅವಳು ಕೆಳಗಿಳಿದು ಬಾಗಿಲು ತಟ್ಟಿದಳು. ಮುದುಕಿ ಮಂಚದ ಮೇಲೆ ಕೂತು ಟವೆಲ್ಲುಗಳನ್ನು ಮಡಚುತ್ತಿದ್ದಳು. ಲಾಂಡ್ರಿ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಅವಳ ಕೈಗೆ ಸಿಕ್ಕ ಬಟ್ಟೆ ಚೌಕವಾಗದೆ ಉಳಿಯುತ್ತಿರಲಿಲ್ಲ.

“ಏನು, ಮೇಲೆ ಬೆಂಕಿ ಬಿತ್ತಾ? ಇಲ್ಲಾಂದ್ರೆ ನೀನು ಇಳಿದು ಬರೋ ಪೈಕಿ ಅಲ್ಲ.”

“ಒಂದು ಕೆಲಸ ಇತ್ತು. ಸೋಮವಾರ ಆಫೀಸಿಗೆ ಬರೋದಿದೆ. ಒಂದು ಪದ ಹೇಳೋದಿದೆ.”

“ಯಾವ ಪದ?”

“ಬಲೆ.”

ಮುದುಕಿಯ ಕೈ ಒಂದು ಗಳಿಗೆ ನಿಂತು ಮತ್ತೆ ಮಡಚತೊಡಗಿತು. “ನನ್ನ ಭಾಷೆ ಈಗ ಬೇಕಾಯ್ತಾ? ನಾನು ಬಾಯಿ ಬಿಟ್ರೆ ಕಾಗೆ ಕೂಗ್ತಿದೆ ಅಂತ ಕಿಟಕಿ ಹಾಕ್ತಿದ್ದೋಳು ನೀನು. ನಿಮ್ಮಪ್ಪನ ಎದುರಿಗೇ ಅಂದಿದ್ದೆ. ಆಮೇಲೆ ಆ ಮನುಷ್ಯನ ಜೊತೇನೂ ನಾನು ನನ್ನ ಮಾತಲ್ಲಿ ಮಾತಾಡಲಿಲ್ಲ. ಗೊತ್ತಾ ನಿನಗೆ?”

ಗೊತ್ತಿರಲಿಲ್ಲ. ಗೊತ್ತಿದ್ದರೂ ಅವಳು ಸೋಲುತ್ತಿರಲಿಲ್ಲ. “ಬರೋದಾದ್ರೆ ಹೇಳಿದ್ರಾಯ್ತು. ಇಲ್ಲಾಂದ್ರೆ ಬೇಡ.”

“ಬರ್ತೀನಿ. ಆದ್ರೆ ಪುಕ್ಕಟೆ ಬರಲ್ಲ. ಅಲ್ಲಿ, ನಿನ್ನ ಜನರ ಎದುರಿಗೆ, ನನ್ನ ಚಿಕ್ಕಮ್ಮ ಅಂತ ಕರೀಬೇಕು. ಒಂದೇ ಸಲ. ಇಲ್ಲಿ ಕರೆದ್ರೆ ಆಗಲ್ಲ.”

“ಯಾಕೆ ಈಗ ಇದು? ಸಾಯೋ ವಯಸ್ಸಲ್ಲಿ ಸನ್ಮಾನ ಬೇಕಾ?”

“ಹೌದು ಕಣೆ, ಬೇಕು. ಈ ಬೀದೀಲಿ ಹಳಬರೆಲ್ಲ ಹೋದ್ರು, ನಾನು ಯಾರು ಅಂತ ಈಗ ಯಾರಿಗೂ ಗೊತ್ತಿಲ್ಲ. ನೀನು ನನ್ನನ್ನ ಬಾಡಿಗೆಯವಳು ಅಂತ ಹೇಳ್ಕೊಂಡು ತಿರುಗಿದ್ದೀಯ. ಹಾಲಿನವನು ನನ್ನ ಹತ್ರಾನೇ ಕೇಳ್ದ, ಮನೆ ಓನರ್ ಮೇಲೆ ಇದ್ದಾರಾ ಅಜ್ಜಿ ಅಂತ. ನಿಮ್ಮಪ್ಪನ ಉಚ್ಚೆ ಪಾತ್ರೆ ತೊಳೆದೋಳು ನಾನು. ಬಾಡಿಗೆಯವಳಂತೆ!”

ಕೊಡಲಿ “ಆಗ್ಲಿ” ಎಂದುಬಿಟ್ಟಳು. ಅಷ್ಟು ಸಲೀಸಾಗಿ ಅಂದದ್ದಕ್ಕೆ ಕಾರಣವಿತ್ತು. ಸಭೆಯಲ್ಲಿ ಹಾಗೆ ಕರೆದರೆ ಸಾಕ್ಷಿ ಬಿದ್ದುಹೋಗುತ್ತದೆ, ನಿಯಮ ಅವಳದೇ. ಆದ್ದರಿಂದ ಮೊದಲು ಸಹಿ ಆಗಲಿ, ಎಲ್ಲ ಎದ್ದು ಹೋದ ಮೇಲೆ ಜವಾನನ ಎದುರಿಗೆ ಒಂದು ಸಲ ಗೊಣಗಿದರಾಯಿತು ಎಂದು ಲೆಕ್ಕ ಹಾಕಿದಳು. ಮುದುಕಿಗೆ ಮೋಸ ಮಾಡುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ಒಂದಿಷ್ಟು ಖುಷಿಯೂ ಆಯಿತು, ಅದನ್ನೇಕೆ ಮುಚ್ಚಿಡಬೇಕು.

ಸೋಮವಾರ ಮುದುಕಿ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದಳು. ಕಚೇರಿ ಇದ್ದದ್ದು ಎರಡನೆಯ ಮಹಡಿಯಲ್ಲಿ. ಕಡಿದಾದ ಮೆಟ್ಟಿಲುಗಳನ್ನು ಅವಳು ಕಂಬಿ ಹಿಡಿದು, ಅಲ್ಲಲ್ಲಿ ನಿಂತು ಉಸಿರು ಬಿಟ್ಟು ಹತ್ತಿದಳು. ಕೊಡಲಿ ಮುಂದೆ ಹೋಗಿ ಮೇಲೆ ಕಾಯುತ್ತಿದ್ದಳು. ಕೋಣೆಯಲ್ಲಿ ಸಂಪಾದಕ, ಗ್ರಂಥಪಾಲಕ, ಬೆರಳಚ್ಚಿನವಳು ಮೂವರೂ ಕೂತಿದ್ದರು. ಬಾಗಿಲಿಗೆ ಜವಾನ ಒರಗಿದ್ದ.

“ಹೇಳಿ ಅಜ್ಜಿ,” ಎಂದ ಸಂಪಾದಕ. “ಬಲೆ ಅಂದ್ರೇನು ನಿಮ್ಮಲ್ಲಿ?”

“ಬನ್ನಿ ಅಂತ.”

“ಮೀನಿನ ಬಲೆಗೂ ಇದಕ್ಕೂ?”

“ಮೀನಿನದು ಹೆಣೆಯೋದು. ಇದು ಬರೋಕೆ ಕರೆಯೋದು, ಬಾಯಿಂದ ಆಡೋದು. ಯಾವ ಸಂಬಂಧಾನೂ ಇಲ್ಲ.”

“ಒಂದು ವಾಕ್ಯದಲ್ಲಿ ಹೇಳ್ತೀರಾ?”

ಮುದುಕಿ ಸೆರಗು ಸರಿಮಾಡಿಕೊಂಡಳು. “ಇಡೆ ಬಲೆ,” ಎಂದಳು. ಇಲ್ಲಿಗೆ ಬನ್ನಿ ಎಂದು ತಾನೇ ಅರ್ಥ ಬಿಡಿಸಿದಳು. ಬಹಳ ದಿನದಿಂದ ಆಡದ ಮಾತಾದ್ದರಿಂದ ದನಿ ಸ್ವಲ್ಪ ಕೀರಲಾಯಿತು.

“ಮಕ್ಕಳನ್ನೂ ಹೀಗೇ ಕರೀತೀರಾ?” ಗ್ರಂಥಪಾಲಕ ಕೇಳಿದ.

“ಹೆತ್ತ ಮಕ್ಕಳನ್ನ ಕರೆಯಲ್ಲ. ಅವಕ್ಕೆ ಸಲಿಗೆಯ ಪದ ಬೇರೆ ಇದೆ. ಇದು ಮರ್ಯಾದೆ ಕೊಟ್ಟು ಕರೆಯೋದು. ಹೊಸ ಮಗು, ನಮ್ಮನ್ನ ಕಂಡು ಹೆದರಿದೆ, ಸಲಿಗೆ ತಗೊಂಡ್ರೆ ಇನ್ನೂ ಹೆದರುತ್ತೆ ಅನ್ನಿಸಿದ್ರೆ ದೊಡ್ಡೋರನ್ನ ಕರೆದಂಗೆ ಕರೀಬಹುದು. ನಾನು ಒಂದ್ಸಲ ಕರೆದಿದ್ದೆ.”

“ಬಂತಾ?” ಬೆರಳಚ್ಚಿನವಳು ನಗುತ್ತ ಕೇಳಿದಳು.

“ಇಲ್ಲ.”

ಕೊಡಲಿ ಕಿಟಕಿಯ ಕಡೆ ನೋಡುತ್ತಿದ್ದಳು. ಅದು ಬರಿಯ ‘ಬಾ’ ಅಲ್ಲ, ‘ಬನ್ನಿ’ ಎಂದು ಚೀಟಿಯಲ್ಲಿ ಬರೆದವಳು ಅವಳೇ. ಮೂರನೇ ತರಗತಿಯ ಹುಡುಗಿಯೊಬ್ಬಳನ್ನು ಯಾರಾದರೂ ಬನ್ನಿ ಎಂದು ಏಕೆ ಕರೆಯುತ್ತಾರೆ ಎಂದು ಮಾತ್ರ ಅಷ್ಟು ವರ್ಷ ಒಮ್ಮೆಯೂ ಯೋಚಿಸಿರಲಿಲ್ಲ. ಅವಳಿಗೆ ಮುದುಕಿಯ ಮೇಲೆ ಎಂದೂ ಇಲ್ಲದಷ್ಟು ಸಿಟ್ಟು ಬಂತು. ಇದನ್ನೆಲ್ಲ ಇಲ್ಲಿ ಬಿಚ್ಚಬೇಕಾಗಿತ್ತೆ?

ಸಂಪಾದಕ ಚೀಟಿಯ ಮೇಲೆ ಬರೆದುಕೊಂಡು, ವಿಳಾಸ ಕೇಳಿದ. ಮುದುಕಿ ಹೇಳಿದಳು. ಅವನು ಪೆನ್ನು ಕೆಳಗಿಟ್ಟ. ನಗು ತುಟಿಯ ಒಂದು ಮೂಲೆಗೆ ಸರಿಯಿತು.

“ಇದು ನಿಮ್ಮ ವಿಳಾಸ ಅಲ್ವಾ ಮೇಡಂ?”

“ಹೌದು.”

“ನಿಯಮ ನಿಮಗೆ ನಾನು ಓದಿ ಹೇಳಬೇಕಾಗಿಲ್ಲ. ಇವರು ನಿಮಗೇನಾಗಬೇಕು?”

ಬೆರಳಚ್ಚಿನವಳು ತಲೆ ಎತ್ತಿ ನೋಡಿದಳು. ಮುದುಕಿಯೂ ಕೊಡಲಿಯ ಕಡೆ ತಿರುಗಿ, ಮಡಿಲಲ್ಲಿ ಎರಡು ಕೈ ಇಟ್ಟುಕೊಂಡು, ಕಾದಳು. ಅವಳು ಬೆಲೆಯಾಗಿ ಕೇಳಿದ್ದ ಗಳಿಗೆ ಅದೇ. ಜನ ಇದ್ದರು, ಪ್ರಶ್ನೆಯೂ ನೇರವಾಗಿತ್ತು, ಒಂದು ಪದ ಆಡಿದರೆ ಮುಗಿಯುತ್ತಿತ್ತು. ಆಡಿದರೆ ಮೇಜು ಹೋಗುತ್ತಿತ್ತು, ಗೂಡು ಹೋಗುತ್ತಿತ್ತು, ಸೀಳಿದ್ದೆಲ್ಲ ಮತ್ತೆ ಅಂಟಿಕೊಳ್ಳುತ್ತಿತ್ತು. ಏನೂ ಅಲ್ಲ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದವಳಿಗೆ ಇಲ್ಲಿ ಅದನ್ನೇ ಹೇಳುವುದೇನು ಕಷ್ಟ? ಆದರೆ ಅಡಕತ್ತರಿಯಲ್ಲಿ ಸಿಕ್ಕಿದಂತಾಗಿ ಅದೂ ಬಾಯಿಗೆ ಬರಲಿಲ್ಲ, ಇದೂ ಬರಲಿಲ್ಲ. ಅವಳು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತಳು.

ಮುದುಕಿ ಆ ಉಗುರನ್ನು ನೋಡಿದಳು. ಆಮೇಲೆ ಸಂಪಾದಕನ ಕಡೆ ತಿರುಗಿದಳು.

“ಏನೂ ಆಗಬೇಕಾಗಿಲ್ಲ. ನಾನು ಕೆಳಗಡೆ ಬಾಡಿಗೆಗೆ ಇರೋಳು.”

“ಸಂಬಂಧ?”

“ಇಲ್ಲ ಅಂದ್ನಲ್ಲ ಸ್ವಾಮಿ. ಬರ್ಕೊಳ್ಳಿ.”

ಬರೆದುಕೊಂಡರು. ಮುದುಕಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಮೂವರೂ ಹಾಕಿದರು. ಸಂಪಾದಕ ನಗು ಬತ್ತಿದ ಮುಖದಲ್ಲಿ ಚೀಟಿಯನ್ನು ಕೊಡಲಿಗೆ ವಾಪಸು ಕೊಟ್ಟ. ಗ್ರಂಥಪಾಲಕ “ಗೆದ್ರಿ ಮೇಡಂ” ಎಂದ. ಅವಳು ಗೆದ್ದಿದ್ದಳು. ಚೀಟಿಯನ್ನು ಗೂಡಿಗೂ ಹಾಕದೆ, ಕುರ್ಚಿಗಳನ್ನು ಸರಿಸಿಕೊಂಡು ಅವಳು ಹೊರಗೆ ಓಡಿದಳು.

ಮುದುಕಿ ಆಗಲೇ ಮೆಟ್ಟಿಲಿನ ತುದಿಗೆ ಬಂದು ಕಂಬಿ ಹಿಡಿದಿದ್ದಳು. ಹತ್ತುವುದಕ್ಕಿಂತ ಇಳಿಯುವುದು ಅವಳ ಮಂಡಿಗೆ ಕಷ್ಟ. ಒಂದು ಕಾಲು ಕೆಳಗಿಟ್ಟು, ತಡವರಿಸಿ, ನಿಂತಳು.

“ಚಿಕ್ಕಮ್ಮ,” ಎಂದಳು ಕೊಡಲಿ. “ಚಿಕ್ಕಮ್ಮ, ನಿಲ್ಲಿ. ನನ್ನ ಕೈ ಹಿಡ್ಕೊಳ್ಳಿ.”

ಮುದುಕಿ ನಿಂತಳು. ಖಾಲಿ ಮೊಗಸಾಲೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಜವಾನ ಕೂಡ ಒಳಗೆ ಹೋಗಿದ್ದ.

“ಇಲ್ಲಿ ಯಾರಿದ್ದಾರೆ ಕೇಳೋಕೆ?” ಎಂದಳು.

ಚಾಚಿದ ಕೈಯನ್ನು ಮೊಣಕೈಯಿಂದ ಬದಿಗೆ ತಳ್ಳಿ, ಎರಡೂ ಕೈಯಲ್ಲಿ ಕಂಬಿ ಹಿಡಿದು, ಅಡ್ಡಡ್ಡ ತಿರುಗಿ, ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು. ಕೊಡಲಿ ಒಂದು ಮೆಟ್ಟಿಲು ಹಿಂದೆ ಹಿಂದೆ ಇಳಿದಳು. ಬೀದಿ ಬರುವವರೆಗೂ ಮುದುಕಿ ಅವಳನ್ನು ಹತ್ತಿರ ಸೇರಿಸಲಿಲ್ಲ.